ಗುಂಡಿ ಒತ್ತುವ ಕಾಣದ ಕೈ



ಕಳೆದ ವರ್ಷ ನಮ್ಮ ಎಂಟನೇ ತರಗತಿಯ ಹುಡುಗಿಯೊಬ್ಬಳ ಆನ್‌ಲೈನ್ ಅರ್ಜಿ ತುಂಬಿಸುತ್ತಿದ್ದೆ. ಅವಳ ಹೆಸರು ಲಕ್ಷ್ಮಿ ಅಂತಿಟ್ಟುಕೊಳ್ಳಿ. ಕನ್ನಡದಲ್ಲಿ ಟೈಪ್ ಮಾಡಿ 'ಸಲ್ಲಿಸು' ಗುಂಡಿ ಒತ್ತಿದೆ. ಪ್ರಿಂಟ್ ತೆಗೆದು ನೋಡಿದರೆ 'ಲಕ್ಷ್ಮ' ಅಂತ ಬಂದಿದೆ! ಕೊನೆಯ ಗುಡಿಸು ಮಾಯ. "ಟೀಚರ್, ಇದು ನನ್ನ ಹೆಸರಲ್ಲ" ಅಂದಳು. ದಾಖಲೆಯ ಹೆಸರಿಗೆ ತಾಳೆಯಾಗದೆ ಆ ಅರ್ಜಿ ವಾಪಸು ಬಂತು.

ಇಂಥ ತಪ್ಪನ್ನು ಮೊದಲೇ ಹಿಡಿಯೋದು ಹೇಗೆ? ಅದಕ್ಕೆ ಸಾಫ್ಟ್‌ವೇರ್‌ಗೂ ಪರೀಕ್ಷೆ ಇದೆ. ಪರದೆಯ ಮೇಲಿನ ಗುಂಡಿ ಒತ್ತಿದಾಗ, ಪೆಟ್ಟಿಗೆ ತುಂಬಿಸಿದಾಗ ಆಗಬೇಕಾದ ಕೆಲಸ ಆಯಿತೇ ಎಂದು ನೋಡುವುದೇ ಆ ಪರೀಕ್ಷೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡಬಹುದು. ಹಾಗಾಗಿ ಪ್ರತಿ ಸಲ ತಿದ್ದಿದಾಗಲೂ ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು. ನೂರನೇ ಸಲಕ್ಕೆ ಮನುಷ್ಯನಿಗೆ ಬೇಸರ ಬರುತ್ತದೆ, ಯಂತ್ರಕ್ಕೆ ಬರೋದಿಲ್ಲ.

2004ರಲ್ಲಿ ಅಮೆರಿಕದ ಶಿಕಾಗೋದಲ್ಲಿ, ಥಾಟ್‌ವರ್ಕ್ಸ್ ಸಂಸ್ಥೆಯಲ್ಲಿದ್ದ ಜೇಸನ್ ಹಗ್ಗಿನ್ಸ್ ಇದಕ್ಕಾಗಿ ಒಂದು ಉಪಕರಣ ಮಾಡಿದರು. ಅದರ ಹೆಸರು ಸೆಲೆನಿಯಂ. ಹೌದು, ಆವರ್ತ ಕೋಷ್ಟಕದಲ್ಲಿ ಗಂಧಕದ ಕೆಳಗಿರುವ 34ನೇ ಧಾತುವಿನ ಹೆಸರೇ! ಆಗ ಈ ಕ್ಷೇತ್ರದಲ್ಲಿ ಮರ್ಕ್ಯುರಿ ಎಂಬ ದೊಡ್ಡ ಕಂಪನಿ ಇತ್ತು. ಮರ್ಕ್ಯುರಿ ಅಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ತಮಾಷೆಯಿಂದ ಈ ಹೆಸರು ಬಂತು.

ಕೆಲಸ ನಡೆಯುವ ಕ್ರಮ ನಮ್ಮ ಲ್ಯಾಬಿನ ಪ್ರಯೋಗದ ಹಾಗೆಯೇ ಇದೆ:

1. ನಿರೀಕ್ಷೆ ಬರೆಯುವುದು. ಏನು ಟೈಪ್ ಮಾಡಬೇಕು, ಏನು ಬರಬೇಕು ಎಂದು ಮೊದಲೇ ಬರೆದಿಡಬೇಕು. ಫಲಿತಾಂಶ ನೋಡಿದ ಮೇಲೆ ಬರೆದರೆ ಅದು ಪರೀಕ್ಷೆಯಲ್ಲ.

2. ಗುರುತಿಸುವುದು. 'ಎರಡನೇ ಬೆಂಚಿನ ಹುಡುಗ' ಅಂದರೆ ನಾಳೆ ಬೇರೆಯವನು ಕೂತಿರಬಹುದು. ಹಾಜರಿ ಸಂಖ್ಯೆ ಹೇಳಿದರೆ ತಪ್ಪುವುದಿಲ್ಲ. ಗುಂಡಿಯನ್ನೂ ಅದರ ಜಾಗದಿಂದಲ್ಲ, ಅದಕ್ಕೆ ಕೊಟ್ಟ ಗುರುತಿನಿಂದ ಹುಡುಕುವುದು ಒಳ್ಳೆಯದು.

3. ಮಾಡುವುದು. ಯಂತ್ರವೇ ಟೈಪ್ ಮಾಡುತ್ತದೆ, ಗುಂಡಿ ಒತ್ತುತ್ತದೆ.

4. ಕಾಯುವುದು. ಥರ್ಮಾಮೀಟರಿನ ಪಾದರಸ ನಿಲ್ಲುವ ಮೊದಲೇ ಓದಿದರೆ ಅಳತೆ ತಪ್ಪುತ್ತದೆ ಅಲ್ವಾ? ಪುಟ ಪೂರ್ತಿ ತೆರೆಯುವ ಮೊದಲೇ ನೋಡಿದರೂ ಹಾಗೇ. ಸರಿಯಿದ್ದದ್ದೂ ತಪ್ಪು ಅಂತ ತೋರುತ್ತದೆ.

5. ತಾಳೆ ನೋಡುವುದು. ಬಂದದ್ದು ನಿರೀಕ್ಷೆಗೆ ಸರಿಹೊಂದಿದರೆ ಪಾಸ್, ಇಲ್ಲದಿದ್ದರೆ ಫೇಲ್. ಫೇಲಾದಾಗ ಪರದೆಯ ಚಿತ್ರ ತೆಗೆದಿಟ್ಟರೆ ತಪ್ಪು ಹುಡುಕುವುದು ಸುಲಭ. ತಿದ್ದಿದ ಮೇಲೆ ಎಲ್ಲ ಪರೀಕ್ಷೆಗಳೂ ಮತ್ತೊಮ್ಮೆ ಓಡಬೇಕು.

ಹಾಗಾದರೆ ಲಕ್ಷ್ಮಿಯ ಗುಡಿಸು ಹೋದದ್ದು ಹೇಗೆ? ನಮ್ಮ ಕಣ್ಣಿಗೆ ಅದು ಎರಡೇ ಅಕ್ಷರ. ಕಂಪ್ಯೂಟರಿಗೆ ಏಳು ಸಂಕೇತಗಳು: ಲ, ಕ, ವಿರಾಮ ಚಿಹ್ನೆ, ಷ, ಮತ್ತೆ ವಿರಾಮ ಚಿಹ್ನೆ, ಮ, ಕೊನೆಗೆ ಗುಡಿಸು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಒಟ್ಟು 21. ಪೆಟ್ಟಿಗೆಯಲ್ಲಿ 20 ಬೈಟಿಗಷ್ಟೇ ಜಾಗವಿದ್ದರೆ ಗುಡಿಸು ಹೊರಗೆ! ಇಂಗ್ಲಿಷಿನಲ್ಲಿ ಬರೆದ ಲಕ್ಷ್ಮಿಗೆ 7 ಬೈಟ್ ಸಾಕು. ನಮ್ಮ ಹುಡುಗಿಗೆ ಆದದ್ದೂ ಹೀಗೆಯೇ ಇರಬೇಕು.

ಇಲ್ಲೇ ಇರುವುದು ಮುಖ್ಯ ಮಾತು. ಯಂತ್ರ ನಾವು ಕೇಳಿದ ಪ್ರಶ್ನೆಯನ್ನಷ್ಟೇ ಪರೀಕ್ಷಿಸುತ್ತದೆ. ಇಂಗ್ಲಿಷ್ ಹೆಸರುಗಳನ್ನೇ ಕೊಟ್ಟು ಸಾವಿರ ಸಲ ಓಡಿಸಿದರೆ ಸಾವಿರ ಸಲವೂ ಪಾಸ್. ಕನ್ನಡದ ಹೆಸರು ಹಾಕಿ ನೋಡಬೇಕು ಅಂತ ಒಬ್ಬರಿಗಾದರೂ ಹೊಳೆಯಬೇಕು. ಆ ಒಬ್ಬರು ಮುಂದೆ ನೀವೇ ಯಾಕಾಗಬಾರದು?

ಮಾಡಿ ನೋಡಿ: ಶಾಲೆಯ ಕಂಪ್ಯೂಟರಿನ ಯಾವುದಾದರೂ ತಂತ್ರಾಂಶದಲ್ಲಿ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು, ಉಳಿಸಿ, ಮತ್ತೆ ತೆರೆಯಿರಿ. ಒತ್ತಕ್ಷರ ಇರುವ ಐದು ಹೆಸರುಗಳನ್ನು ಆರಿಸಿ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಕೊಟ್ಟದ್ದು, ಬರಬೇಕಾದದ್ದು, ಬಂದದ್ದು. ಎರಡನೆಯ ಕಾಲಂ ಮೊದಲೇ ತುಂಬಿಸಲು ಮರೆಯಬೇಡಿ!