ಡೇರಿಯಂತೆ ಮರಕ್ಕೂ ಒಂದು ಸಂಘ: ಬಲವೇನು, ತೊಡಕೇನು?



ಧರ್ಮಪುರ ಹೋಬಳಿಯಲ್ಲಿ ಮಾರ್ಚ್ ಬಂತೆಂದರೆ ಹಸಿರು ಮೇವಿನದೇ ಚಿಂತೆ. ಕೊಳವೆಬಾವಿಯಲ್ಲಿ ನೀರಿದ್ದವರಿಗೆ ನೇಪಿಯರ್ ಹುಲ್ಲು, ಇಲ್ಲದವರಿಗೆ ರಾಗಿ ಹುಲ್ಲು, ಶೇಂಗಾ ಹೊಟ್ಟೇ ಗತಿ. ಹಸಿರು ತಪ್ಪಿದರೆ ಹಾಲು ಇಳಿಯುತ್ತದೆ, ಹಸು ಬೆದೆಗೆ ಬರುವುದೂ ತಡವಾಗುತ್ತದೆ. ಅತ್ತ ಗೋಮಾಳದಲ್ಲಿ ಬಳ್ಳಾರಿ ಜಾಲಿ ಹಬ್ಬಿರುತ್ತದೆ. ಅಲ್ಲಿ ಮೇವಿನ ಮರ ಬೆಳೆಸಲು ನಾವೇ ಸಂಘ ಕಟ್ಟಬಹುದೇ? ಇದು ಹೊಸ ವಿಚಾರವಲ್ಲ.

ಆನಂದ್‌ನಿಂದ ಕೋಲಾರಕ್ಕೆ

ಹಾಲಿನ ಸಹಕಾರ ಸಂಘಗಳನ್ನು ದೇಶಕ್ಕೆಲ್ಲ ಹಬ್ಬಿಸಿದ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ 1986ರಲ್ಲಿ ಮರ ಬೆಳೆಗಾರರ ಸಹಕಾರ ಸಂಘಗಳ ಯೋಜನೆ ಆರಂಭಿಸಿತು. 1988ರಲ್ಲಿ ಇವುಗಳಿಗಾಗಿ ರಾಷ್ಟ್ರೀಯ ಒಕ್ಕೂಟವೂ ಆನಂದ್‌ನಲ್ಲಿ ಹುಟ್ಟಿತು. ನಮ್ಮ ರಾಜ್ಯದಲ್ಲಿ ಕೋಲಾರ ಭಾಗದ ಹಳ್ಳಿಗಳಲ್ಲಿ ಇಂಥ ಸಂಘಗಳು ನಡೆದವು. ಕಂದಾಯ ಇಲಾಖೆಯ ಪಾಳುಭೂಮಿಯನ್ನು ಸಂಘ ಗುತ್ತಿಗೆಗೆ ಪಡೆದು ಸೌದೆ, ಮೇವಿನ ಮರ ಬೆಳೆಸುವುದು, ಬಂದದ್ದನ್ನು ಸದಸ್ಯರು ಹಂಚಿಕೊಳ್ಳುವುದು ಇದರ ಕ್ರಮ.

ಬಲ

ಒಬ್ಬ ಸದಸ್ಯನಿಗೆ ಒಂದೇ ಮತ; ಹತ್ತು ಎಕರೆಯವನಿಗೂ ಜಮೀನಿಲ್ಲದವನಿಗೂ ಸಭೆಯಲ್ಲಿ ಸಮಾನ ಮಾತು. ಒಬ್ಬೊಬ್ಬರೇ ಕಾಯಲಾಗದ ಜಾಗವನ್ನು ಊರೆಲ್ಲ ಸೇರಿ ಕಾಯಬಹುದು. ದನಗಳನ್ನು ಬಿಡದೆ ಜಾಗ ಕಾದರೆ ಒಳ್ಳೆಯ ಮಳೆಯಾದ ವರ್ಷವೇ ಹುಲ್ಲು ಮೇಲೇಳುತ್ತದೆ. ಅದನ್ನು ಕೊಯ್ದು ಹಂಚಿಕೊಂಡರೆ ಮರಕ್ಕೆ ಮುಂಚೆಯೇ ಸಂಘದ ಫಲ ಕೈಗೆ ಸಿಗುತ್ತದೆ.

ತೊಡಕು

ಮೊದಲನೆಯದು ಸಮಯ. ಹಾಲಿನ ಬಟವಾಡೆ ಆಗಾಗ ಕೈಗೆ ಬರುತ್ತದೆ, ಮರದ ಹಣಕ್ಕೆ ವರ್ಷಗಟ್ಟಲೆ ಕಾಯಬೇಕು. ಅಷ್ಟು ದಿನ ಸದಸ್ಯರ ಆಸಕ್ತಿ ಉಳಿಸುವುದು ಸುಲಭವಲ್ಲ.

ಎರಡನೆಯದು ಜಾಗ. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ನಿಮ್ಮ ಊರಿನಲ್ಲಿ ಎಷ್ಟು ಉಳಿದಿದೆ, ಲೆಕ್ಕ ಹಾಕಿ ನೋಡಿ. ಅಳತೆ, ಹದ್ದುಬಸ್ತು ಆಗದ ಜಾಗದಲ್ಲಿ ಸಸಿ ನೆಟ್ಟರೆ ನಾಳೆ ಜಗಳ ಖಚಿತ.

ಮೂರನೆಯದು ಕುರಿಗಾಹಿಗಳು. ಬೇಲಿ ಹಾಕಿದ ದಿನವೇ ಅವರ ಮೇವು ನಿಲ್ಲುತ್ತದೆ. ಅವರನ್ನು ಸದಸ್ಯರನ್ನಾಗಿಸದೆ, ಒಂದಷ್ಟು ಜಾಗ ಮೇಯಲು ಬಿಡದೆ ಹೊರಟ ಸಂಘ ಉಳಿಯುವುದಿಲ್ಲ. ಕಾವಲುಗಾರನೊಬ್ಬನಿಂದ ಗಿಡ ಉಳಿಯುವುದಿಲ್ಲ, ಊರಿನ ಒಪ್ಪಿಗೆಯಿಂದ ಉಳಿಯುತ್ತದೆ.

ರಾಷ್ಟ್ರೀಯ ಒಕ್ಕೂಟವೂ ಮರಕ್ಕಷ್ಟೇ ನಿಲ್ಲಲಿಲ್ಲ. ಅದರ ಕೆಲಸ 2001ರಿಂದ ಫೌಂಡೇಶನ್ ಫಾರ್ ಇಕಲಾಜಿಕಲ್ ಸೆಕ್ಯೂರಿಟಿ ಎಂಬ ಸಂಸ್ಥೆಯಾಗಿ, ಊರಿನ ಸಾಮೂಹಿಕ ಭೂಮಿ, ನೀರು ಎಲ್ಲವನ್ನೂ ಒಟ್ಟಿಗೆ ನೋಡುವತ್ತ ಹೊರಳಿತು.

ಯಾವ ಮರ?

ಬೇಗ ಹಣವೆಂದು ನೀಲಗಿರಿಯತ್ತ ನೋಡಬೇಡಿ. ಅದರ ಹೊಸ ನಾಟಿಯನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದೆ. ಒಣ ಜಾಗಕ್ಕೆ ಬೇವು, ಕರಿಜಾಲಿ, ಹುಣಸೆ, ಹೊಂಗೆ ಇರಲಿ. ಮೇವಿಗೆ ಸುಬಾಬುಲ್, ಗ್ಲಿರಿಸಿಡಿಯಾ, ನೀರಿನಾಸರೆ ಇದ್ದಲ್ಲಿ ಅಗಸೆ, ನುಗ್ಗೆ. ಸಾಲುಗಳ ನಡುವೆ ಅಂಜನ್ ಹುಲ್ಲು, ಸ್ಟೈಲೋ ಬಿತ್ತಿ.

ಒಂದು ಎಚ್ಚರಿಕೆ: ಸುಬಾಬುಲ್ ಸೊಪ್ಪಿನಲ್ಲಿ ಮೈಮೋಸಿನ್ ಎಂಬ ವಿಷಾಂಶವಿದೆ. ಹೆಚ್ಚು ದಿನ, ಹೆಚ್ಚು ತಿಂದರೆ ಹಸುವಿನ ಕೂದಲು ಉದುರುತ್ತದೆ, ಜೊಲ್ಲು ಸುರಿಯುತ್ತದೆ, ಗಂಟಲ ಬಳಿಯ ಗ್ರಂಥಿ ಊದಿಕೊಳ್ಳುತ್ತದೆ. ಒಟ್ಟು ಮೇವಿನಲ್ಲಿ ಮೂರನೇ ಒಂದು ಭಾಗ ಮೀರದಂತೆ, ಹುಲ್ಲಿನೊಡನೆ ಬೆರೆಸಿ ಕೊಡಿ. ಗ್ಲಿರಿಸಿಡಿಯಾವನ್ನು ಬಾಡಿಸಿ ಕೊಟ್ಟರೆ ವಾಸನೆ ಕಡಿಮೆಯಾಗಿ ಹಸು ತಿನ್ನುತ್ತದೆ.

ಎಲ್ಲಿಂದ ಶುರು?

ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ವಿಷಯ ಇಡಿ. ಪಹಣಿ, ಸರ್ವೆ ನಂಬರ್ ತೆಗೆಸಿ ಗ್ರಾಮ ಪಂಚಾಯಿತಿ, ತಹಶೀಲ್ದಾರರ ಬಳಿ ಮಾತಾಡಿ. ಕುರಿಯವರನ್ನು ಮೊದಲ ಸಭೆಗೇ ಕರೆಯಿರಿ. ಜಾಗ ಸಿಗುವವರೆಗೆ ಸುಮ್ಮನಿರಬೇಡಿ. ಈ ಮುಂಗಾರಿನಲ್ಲೇ ನಿಮ್ಮ ಹೊಲದ ಬದುವಿನಲ್ಲಿ ಹತ್ತು ಮೇವಿನ ಗಿಡ ನೆಡಿ. ಬದುವಿನಲ್ಲಿ ಗಿಡ ಕಾಯ್ದು ಬೆಳೆಸಿದವರಿಗೆ ಗೋಮಾಳ ಕೇಳುವ ಧೈರ್ಯವೂ ಬರುತ್ತದೆ.