ಕೂಸಿನ ಮನೆಯ ಜಮಾ-ಖರ್ಚು

ಹುನಗುಂದದ ನಮ್ಮ ಮನೆಯಲ್ಲಿ ಕಿರಿಸೊಸೆಯ ಕುಬುಸ. ಹಸಿರು ಇಳಕಲ್ ಸೀರೆ ಉಟ್ಟು ಕೂತಿದ್ದಳು. ಮೊಮ್ಮಗಳು ನನ್ನ ಕಿವಿಯಲ್ಲಿ ಕೇಳಿದಳು: "ಅಜ್ಜಾ, ಒಳಗಿನ ಕೂಸಿಗೆ ಊಟ ಹ್ಯಾಂಗ ಮುಟ್ಟತೈತಿ?"

ಮಕ್ಕಳೇ, ಅದಕ್ಕೆಂದೇ ಮಾಸು ಎಂಬ ಅಂಗವಿದೆ. ಹೆರಿಗೆಯ ಹೊತ್ತಿಗೆ ಸುಮಾರು ಅರ್ಧ ಕಿಲೋ ತೂಗುತ್ತದೆ. ತಾಯಿಯ ರಕ್ತ, ಕೂಸಿನ ರಕ್ತ ಅಲ್ಲಿ ಬೆರೆಯುವುದಿಲ್ಲ. ನಡುವೆ ತೆಳುಪದರವಿದೆ, ನಮ್ಮ ಬ್ಯಾಂಕಿನ ಕೌಂಟರಿನಂತೆ: ಗಿರಾಕಿ ಆಚೆ, ಗುಮಾಸ್ತ ಈಚೆ, ದಾಟುವುದು ಹಣ ಮಾತ್ರ. ಇಲ್ಲಿ ದಾಟುವುದು ಆಹಾರ, ಆಮ್ಲಜನಕ.

ಕೂಸು ಬೆಳೆದಂತೆ ಮಾಸಿನ ರಕ್ತನಾಳಗಳೂ ಕವಲೊಡೆಯಬೇಕು. ಮೊದಲ ವಾರಗಳಲ್ಲಿ ಅಲ್ಲಿ ಆಮ್ಲಜನಕ ಕಡಿಮೆ. ಆ ಕೊರತೆಯೇ ಸೂಚನೆ. ಜೀವಕೋಶಗಳು ನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಡುತ್ತವೆ. ಅದರ ದಾಯಾದಿ ಪಿಎಲ್‌ಜಿಎಫ್ ಮಾಸಿನಲ್ಲೇ ಹೇರಳ. ಇವು ಜಮಾ. ಎಸ್‌ಎಫ್‌ಎಲ್‌ಟಿ-1 ಎಂಬ ಮತ್ತೊಂದು ಪ್ರೋಟೀನು ಇವನ್ನು ಹಿಡಿದು ಕಟ್ಟಿಹಾಕುತ್ತದೆ. ಅದು ಖರ್ಚು. ಎರಡೂ ಬೇಕು, ಲೆಕ್ಕ ತಾಳೆಯಾಗಬೇಕು.

ಗರ್ಭಿಣಿಯರ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಕಾಯಿಲೆಯಲ್ಲಿ ಈ ಖರ್ಚು ಮಿತಿಮೀರುತ್ತದೆ. ಬಾಸ್ಟನ್‌ನಲ್ಲಿ ಭಾರತ ಮೂಲದ ಡಾ. ಅನಂತ್ ಕರುಮಂಚಿ ಅವರ ತಂಡ 2003ರಲ್ಲಿ ಇದನ್ನು ತೋರಿಸಿಕೊಟ್ಟಿತು.

ಹಿಂದೆ ನನ್ನ ತಂಗಿಯ ಮುಖ ಊದಿ, ತಲೆ ಸಿಡಿಯುತ್ತಿದ್ದಾಗ "ಬಸುರಿಗೆ ಇದ್ದದ್ದೇ" ಎಂದು ಹಿರಿಯರೆಲ್ಲ ಸುಮ್ಮನಿದ್ದೆವು. ಕೂಸು ಉಳಿಯಲಿಲ್ಲ.

ಅಜ್ಜ-ಅಜ್ಜಿಯರೇ, 20 ವಾರ ಕಳೆದ ಮೇಲೆ ಬಿಪಿ 140/90 ಮುಟ್ಟಿದರೆ, ಕಣ್ಣು ಮಂಜಾದರೆ, ತಲೆನೋವು ಬಿಡದಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯೂ ಇದೆ.

ಈಗ ನಮ್ಮ ಮನೆಯಲ್ಲಿ ತಾಯಿ ಕಾರ್ಡಿನ ಬಿಪಿ ಅಂಕಿಯನ್ನು ಗಟ್ಟಿಯಾಗಿ ಓದುವ ಕೆಲಸ ಮೊಮ್ಮಗಳದ್ದು. ತಾಳೆ ನೋಡುವುದು ನನ್ನದು.