ಕೈಯೂ ಮಾತೂ

ಕೆಲವು ವರುಷಗಳ ಹಿಂದೆ ಎಂಟನೆಯ ತರಗತಿಯ ಕನ್ನಡ ಪಾಠದಲ್ಲಿ, ಬೆಳ್ಮಣ್ಣಿನ ಕಡೆಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿಯನ್ನು ಎಬ್ಬಿಸಿ, ಮಲ್ಲಿಗೆ ಹೂವನ್ನು ಕಟ್ಟುವ ಬಗೆಯನ್ನು ವಿವರಿಸೆಂದು ಕೇಳಿದೆನು. ಅವಳ ಮನೆಯಲ್ಲಿ ಕೊಂಕಣಿ, ನೆರೆಕರೆಯಲ್ಲಿ ತುಳು. ಕನ್ನಡವು ಅವಳಿಗೆ ಶಾಲೆಯ ಭಾಷೆ. ಬಾಯಿ ತೆರೆಯುವ ಮುಂಚೆಯೇ ಅವಳ ಬೆರಳುಗಳು ಚಲಿಸತೊಡಗಿದವು. “ಕೈ ಕಟ್ಟಿ ನಿಂತು ಹೇಳು” ಎಂದು ಗದರಿಸಿದೆನು. ನಾನು ಬಾಲ್ಯದಲ್ಲಿ ಕಲಿತ ಶಿಸ್ತು ಅದೇ ಆಗಿತ್ತು. ಎರಡು ವಾಕ್ಯಗಳಾಗುವಷ್ಟರಲ್ಲಿ ಅವಳ ಮಾತು ನಿಂತುಹೋಯಿತು. ಹಿಂದಿನ ಬೆಂಚಿನಿಂದ ಇನ್ನೊಬ್ಬಳು, “ಹೂ ಕಟ್ಟಲಿಕ್ಕೆ ಕೈ ಬೇಕಲ್ಲ ಟೀಚರ್” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕು, ಕೈ ಬಿಡಲು ಹೇಳಿದೆನು. ಕೂಡಲೇ ಕಾಣದ ನಾರೊಂದು ಅವಳ ಬೆರಳುಗಳಿಗೆ ಬಂದಿತು. ನಾರಿನ ಹಿಂದೆಯೇ ಕನ್ನಡ ವಾಕ್ಯಗಳೂ ಬಂದವು.

ಶಂಕರಪುರ, ಶಿರ್ವ, ಬೆಳ್ಮಣ್ ಸುತ್ತಿನ ಮನೆಗಳಲ್ಲಿ ಈ ಕೆಲಸವನ್ನು ಕಂಡವರಿಗೆ ಅದರ ವೇಗವು ಗೊತ್ತುಂಟು. ಮೊಗ್ಗುಗಳನ್ನು ತೊಟ್ಟಿಗೆ ತೊಟ್ಟು ಎದುರಾಗಿ ಇಟ್ಟು, ಬಾಳೆಯ ನಾರನ್ನು ಸುತ್ತಿ, ಕುಣಿಕೆ ಹಾಕಿ ಬಿಗಿಯಬೇಕು. ಸುಮಾರು 800 ಮೊಗ್ಗುಗಳಿಗೆ ಒಂದು ಚೆಂಡು, ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ. ಇದನ್ನು ಯಾವ ತಾಯಿಯೂ ಮಗಳಿಗೆ ವಾಕ್ಯಗಳಲ್ಲಿ ಪಾಠ ಮಾಡುವದಿಲ್ಲ. ಹುಡುಗಿಯು ಮಗ್ಗುಲಲ್ಲಿ ಕುಳಿತು ನೋಡುತ್ತಾಳೆ. ಒಂದು ದಿನ ತಾನೇ ನಾರನ್ನು ಎತ್ತಿಕೊಳ್ಳುತ್ತಾಳೆ. ಕಣ್ಣು ಕಂಡದ್ದು ಕೈಗೆ ಇಳಿಯುವದು ಹೇಗೆ, ಕೈಗೂ ಮಾತಿಗೂ ಸಂಬಂಧವೇನು ಎಂಬ ಎರಡು ಪ್ರಶ್ನೆಗಳು ಅಂದು ನನ್ನನ್ನು ಹಿಡಿದವು. ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಇಟಲಿ ದೇಶದ ಪಾರ್ಮಾ ಪಟ್ಟಣದಲ್ಲಿ ಜಾಕೊಮೊ ರಿಜೊಲಾಟ್ಟಿ ಎಂಬ ಶಾಸ್ತ್ರಜ್ಞರೂ ಅವರ ಸಂಗಡಿಗರೂ ಮಂಗಗಳ ಮೆದುಳನ್ನು ಪರೀಕ್ಷಿಸುತ್ತಿದ್ದರು. ಕೈಯಿಂದ ವಸ್ತುಗಳನ್ನು ಹಿಡಿಯುವಾಗ ಚುರುಕಾಗುವ ಒಂದು ಭಾಗದಲ್ಲಿ ಅತಿ ಸಣ್ಣ ತಂತಿಗಳನ್ನಿಟ್ಟು, ಒಂದೊಂದು ನರಕೋಶದ ವಿದ್ಯುತ್ ಮಿಡಿತವನ್ನು ಆಲಿಸುವದು ಅವರ ಕ್ರಮ. ಮಂಗವು ತಿಂಡಿಯನ್ನು ಎತ್ತಿಕೊಂಡಾಗ ಮಿಡಿಯುವ ಕೆಲವು ಕೋಶಗಳು, ಮಂಗವು ಸುಮ್ಮನೆ ಕುಳಿತು, ಎದುರಿನ ಮನುಷ್ಯನು ತಿಂಡಿಯನ್ನು ಎತ್ತಿಕೊಳ್ಳುವದನ್ನು ನೋಡಿದಾಗಲೂ ಮಿಡಿದವು. ಈ ಸಂಗತಿಯು 1992ರಲ್ಲಿ ಪ್ರಕಟವಾಯಿತು. 1996ರಲ್ಲಿ ಅವುಗಳಿಗೆ ಮಿರರ್ ನ್ಯೂರಾನ್, ಅಂದರೆ ಕನ್ನಡಿ ನರಕೋಶ ಎಂಬ ಹೆಸರಾಯಿತು. ಆ ವರುಷ ಪರೀಕ್ಷಿಸಿದ 532 ಕೋಶಗಳಲ್ಲಿ ಇಂಥವು 92 ಮಾತ್ರ. ಆದದರಿಂದ ಮೆದುಳೆಲ್ಲಾ ಕನ್ನಡಿಯೆಂದು ತಿಳಿಯಬಾರದು. 2002ರಲ್ಲಿ ಇನ್ನೂ ಸೋಜಿಗದ ವಿಷಯವು ತಿಳಿದುಬಂದಿತು. ನೆಲಗಡಲೆಯ ಸಿಪ್ಪೆ ಒಡೆಯುವ ಸದ್ದನ್ನು ಕೇಳಿಸಿದರೆ ಸಾಕು, ಒಡೆಯುವ ಕೈ ಕಾಣದಿದ್ದರೂ ಕೆಲವು ಕೋಶಗಳು ಮಿಡಿಯುತ್ತಿದ್ದವು.

ಇಲ್ಲಿಂದ ಮಾತಿಗೆ ದಾರಿ ತೆರೆಯಿತು. ಫ್ರಾನ್ಸಿನ ವೈದ್ಯರಾದ ಬ್ರೋಕಾ ಎಂಬವರು 1861ರಲ್ಲಿ, ಮೆದುಳಿನ ಎಡಬದಿಯ ಮುಂಭಾಗದ ಒಂದು ಸ್ಥಳವು ಕೆಟ್ಟರೆ ಮಾತನಾಡುವ ಶಕ್ತಿಯು ಕುಂದುವದೆಂದು ತೋರಿಸಿದ್ದರು. ಮಂಗದ ಆ ಭಾಗವೂ ನಮ್ಮ ಈ ಸ್ಥಳವೂ ಒಂದಕ್ಕೊಂದು ಸರಿಹೊಂದುವವೆಂದು ಎಣಿಸಿ, 1998ರಲ್ಲಿ ರಿಜೊಲಾಟ್ಟಿ ಮತ್ತು ಅರ್ಬಿಬ್ ಎಂಬವರು, ಮನುಷ್ಯನ ಭಾಷೆಯು ಕೈಸನ್ನೆಯಿಂದ ಬೆಳೆದುಬಂದಿರಬಹುದೆಂದು ಬರೆದರು. ಅದು ಊಹೆಯೇ ಸರಿ. ಆದರೆ 2004ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ನಡೆದ ಪರೀಕ್ಷೆಯು ಊಹೆಯಲ್ಲ. ಸುಮ್ಮನೆ ಮಲಗಿದ್ದವರು ನೆಕ್ಕು, ಆರಿಸು, ಒದೆ ಎಂಬ ಅರ್ಥದ ಇಂಗ್ಲಿಷ್ ಶಬ್ದಗಳನ್ನು ಓದುತ್ತಿರಲು, ನಾಲಿಗೆ, ಬೆರಳು, ಕಾಲುಗಳನ್ನು ಆಡಿಸುವ ಮೆದುಳಿನ ಭಾಗಗಳಲ್ಲಿ ಅಥವಾ ಅವುಗಳ ಮಗ್ಗುಲಲ್ಲಿ ಚಟುವಟಿಕೆಯು ಕಾಣಿಸಿತು. ಕ್ರಿಯಾಪದವು ಓದುವವಳ ಅಂಗವನ್ನು ಒಳಗಿಂದೊಳಗೆ ತಟ್ಟುತ್ತದೆ ಎನ್ನಬಹುದು. ತಿಳಿಯುವದಕ್ಕೆ ನಾವು ಹೇಳುವ ‘ಗ್ರಹಿಸು’ ಎಂಬ ಶಬ್ದದ ಮೂಲಾರ್ಥವೂ ಹಿಡಿಯುವದೇ. ಇದು ವ್ಯಾಕರಣ ಕಲಿಸುವವಳ ಸಂತೋಷಕ್ಕೆ ಹೇಳಿದ ಮಾತು. ಪ್ರಮಾಣವೆಂದು ಯಾರೂ ಎಣಿಸದಿರಲಿ.

ಪ್ರಮಾಣಕ್ಕಿಂತ ಮುಂದೆ ಓಡಿದವರು ಹಲವರುಂಟು. ತಮಿಳುನಾಡಿನಲ್ಲಿ ಹುಟ್ಟಿ ಅಮೇರಿಕದಲ್ಲಿ ಹೆಸರಾದ ವಿ. ಎಸ್. ರಾಮಚಂದ್ರನ್ ಅವರು 2000ದಲ್ಲಿ, ಜೀವಶಾಸ್ತ್ರಕ್ಕೆ ಡಿ.ಎನ್.ಎ. ಮಾಡಿದ ಉಪಕಾರವನ್ನು ಮನಶ್ಶಾಸ್ತ್ರಕ್ಕೆ ಈ ಕೋಶಗಳು ಮಾಡುವವೆಂದು ಬರೆದರು. ದಯೆ, ಕಲೆ, ಭಾಷೆ ಎಲ್ಲವನ್ನೂ ಜನರು ಇವುಗಳ ತಲೆಗೆ ಕಟ್ಟಿದರು. ಗ್ರೆಗರಿ ಹಿಕೊಕ್ ಎಂಬ ಭಾಷಾಶಾಸ್ತ್ರಜ್ಞರು 2014ರ ತಮ್ಮ ಗ್ರಂಥದಲ್ಲಿ ಇದನ್ನು ಬಲವಾಗಿ ಖಂಡಿಸಿದ್ದಾರೆ. ಮೆದುಳಿನ ಆಘಾತದಿಂದ ಮಾತನಾಡುವ ಶಕ್ತಿಯನ್ನು ಕಳಕೊಂಡ ಅನೇಕರು ಇತರರ ಮಾತನ್ನು ಚೆನ್ನಾಗಿ ತಿಳಿಯುತ್ತಾರೆ. ಮಾಡಲಾರದವನು ತಿಳಿಯಲಾರನು ಎಂಬದು ನಿಜವಾಗಿದ್ದರೆ ಹೀಗಾಗುತ್ತಿರಲಿಲ್ಲ. ಈ ಆಕ್ಷೇಪವು ನನಗೆ ನ್ಯಾಯವಾಗಿ ತೋರುತ್ತದೆ.

ಮನುಷ್ಯರ ತಲೆಯಲ್ಲಿ ತಂತಿಗಳನ್ನಿಡುವ ಅವಕಾಶವೂ ವಿರಳ. ಅಪಸ್ಮಾರದ ಚಿಕಿತ್ಸೆಗಾಗಿ ಹಾಗೆ ಇಡಬೇಕಾಗಿ ಬಂದ 21 ಮಂದಿ ರೋಗಿಗಳಲ್ಲಿ ಇಂಥಾ ಕೋಶಗಳು ಕಂಡವೆಂದು 2010ರಲ್ಲಿ ವರದಿಯಾಯಿತು. ಆದರೆ ಬ್ರೋಕಾ ಹೇಳಿದ ಸ್ಥಳವನ್ನು ಅಲ್ಲಿ ಪರೀಕ್ಷಿಸಿರಲಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ತಲೆಯನ್ನು ತೆರೆಯದೆಯೇ ಬೇರೊಂದು ಉಪಾಯವನ್ನು ಹಿಡಿದರು. ನೆತ್ತಿಯ ಮೇಲಿಂದ ಕಾಂತದ ಮಿಡಿತವನ್ನು ಕೊಟ್ಟು, ಇನ್ನೊಬ್ಬರ ಕೈಕೆಲಸವನ್ನು ನೋಡುತ್ತಿರುವವರ ಸ್ವಂತ ಕೈಯ ಸ್ನಾಯುವು ಎಷ್ಟು ಸ್ಪಂದಿಸುತ್ತದೆಂದು ಅಳೆದರು. ಸ್ಕಿಜೋಫ್ರೇನಿಯಾ ಎಂಬ ಮನೋರೋಗವುಳ್ಳವರಲ್ಲಿ ಆ ಸ್ಪಂದನವು ಕಡಿಮೆಯೆಂದೂ, ಇತರರ ಮನಸ್ಸನ್ನು ತಿಳಿಯುವದರಲ್ಲಿ ಅವರಿಗಿರುವ ಕಷ್ಟಕ್ಕೂ ಇದಕ್ಕೂ ಸಂಬಂಧವುಂಟೆಂದೂ 2014ರಲ್ಲಿ ಪ್ರಕಟಿಸಿದರು.

ಕನ್ನಡಿಯ ಮಾತು ಎಲ್ಲಿ ಮುಗಿಯುತ್ತದೆ ಎಂಬದಕ್ಕೆ ನನಗೆ ಎಲ್ಲಕ್ಕಿಂತ ಹೆಚ್ಚು ತೋಚಿದ್ದು ಇನ್ನೊಂದು ಪರೀಕ್ಷೆ. ಹುಟ್ಟಿನಿಂದ ಕಣ್ಣು ಕಾಣದ ಮಕ್ಕಳು ಮಾತನಾಡುವಾಗ ಕೈಸನ್ನೆ ಮಾಡುತ್ತಾರೆಂದೂ, ಕೇಳುವವರಿಗೆ ಕಣ್ಣು ಕಾಣದೆಂದು ತಿಳಿದಿದ್ದರೂ ಮಾಡುತ್ತಾರೆಂದೂ 1998ರಲ್ಲಿ ಅಮೇರಿಕದ ಇಬ್ಬರು ವಿದುಷಿಯರು ತೋರಿಸಿದರು. ಆ ಮಕ್ಕಳು ಯಾರ ಕೈಯನ್ನೂ ಕಂಡವರಲ್ಲ, ಯಾರಿಗೂ ತೋರಿಸುವವರೂ ಅಲ್ಲ. ಹಾಗಾದರೆ ಮಾತನ್ನು ಹುಡುಕುವ ಕೆಲಸದಲ್ಲಿಯೇ ಕೈಗೆ ಪಾಲುಂಟು. ನಾನು ಆ ಹುಡುಗಿಯ ಕೈಗಳನ್ನು ಕಟ್ಟಿಸಿದಾಗ ಅವಳಿಂದ ಕಸುಕೊಂಡದ್ದು ಏನೆಂದು ಇದನ್ನೋದಿದ ಮೇಲೆಯೇ ನನಗೆ ಅರಿವಾಯಿತು. ಮನೆಮಾತು ಬೇರೆಯಾದ ಮಕ್ಕಳಿಗೆ ಆ ನಷ್ಟವು ಇನ್ನೂ ಹೆಚ್ಚಾದೀತೆಂದು ನನ್ನ ಎಣಿಕೆ.

ಈಗ ನಮ್ಮಲ್ಲಿ ಕ್ರಿಯಾಪದಗಳ ಪಾಠದ ದಿನ ಹುಡುಗಿಯರು ಬಾಳೆನಾರು, ಹೂವು, ತೆಂಗಿನ ಗರಿ ಮುಂತಾದವುಗಳನ್ನು ತರುತ್ತಾರೆ. ಸೀಳು, ಸುತ್ತು, ಹೆಣೆ, ಬಿಗಿ ಎಂದು ಮಾಡುತ್ತಾ ಹೇಳುತ್ತಾರೆ, ಆಮೇಲೆ ಬರೆಯುತ್ತಾರೆ. ಗದ್ದಲ ಹೆಚ್ಚೆಂದು ಪಕ್ಕದ ಕೋಣೆಯ ಗಣಿತದ ಉಪಾಧ್ಯಾಯಿನಿಯವರ ದೂರುಂಟು, ಅದು ಸುಳ್ಳಲ್ಲ.

ಅಂದು ಆ ವಿದ್ಯಾರ್ಥಿನಿಯು ಚೆಂಡನ್ನು ಮುಗಿಸುವ ಕಡೆಯ ಗಂಟಿನ ತನಕ ತಡೆಯಿಲ್ಲದೆ ಹೇಳಿದಳು. ಆ ಗಂಟಿಗೆ ಕನ್ನಡದ ಹೆಸರು ತಿಳಿಯದೆ, ನಾರಿನ ತುದಿಯನ್ನು ಹೀಗೆ ಹಿಂದಕ್ಕೆ ತಂದು ಎಳೆಯಬೇಕೆಂದು ಬೆರಳಿನಿಂದ ತೋರಿಸಿ, ಹೆಸರಿಗಾಗಿ ನನ್ನ ಮುಖವನ್ನು ನೋಡಿದಳು. ನನಗೂ ತಿಳಿದಿರಲಿಲ್ಲ.